ಮನೆ ಶಿಫ್ಟಿಂಗ್ ಗಾಡಿಯ ಬಾಡಿಗೆ ನೋಡಿ ಜನ ಎಲ್ಲಿಂದ ಎಲ್ಲಿಗೆ ಹೋಗ್ತಿದ್ದಾರೆ ಅಂತ ಲೆಕ್ಕ ಹಾಕೋದು ಹೇಗೆ: ಉಡುಪಿ, ಮಂಗಳೂರಿನವರಿಗೆ ಪೂರ್ತಿ ಗೈಡ್

ಒಂದು ಮೇ ತಿಂಗಳಲ್ಲಿ, ಉಡುಪಿ ಕಡಿಯಾಳಿ ಹತ್ರ ನಮ್ಮ ಪಕ್ಕದ ಮನೆಗೆ ಬೆಂಗಳೂರಿಂದ ಒಂದು ಫ್ಯಾಮಿಲಿ ಶಿಫ್ಟ್ ಆಗಿ ಬಂತು. ಬೆಳಿಗ್ಗೆ ಆರೂವರೆಗೆ 14 ಅಡಿ ಐಷರ್ ಗಾಡಿ ಗೇಟಿನ ಎದುರು ನಿಂತಿತ್ತು, ಕೆಎ 05 ನಂಬರ್. ಹಳೇ ಬೆಡ್‌ಶೀಟ್ ಸುತ್ತಿದ ಕಬ್ಬಿಣದ ಕಪಾಟು, ಹಗ್ಗ ಬಿಗಿದು ನಿಲ್ಲಿಸಿದ ವಾಷಿಂಗ್ ಮೆಷಿನ್, ಮಗುವಿನ ಸೈಕಲ್, ಕೊನೆಗೆ ಕ್ಯಾಬಿನ್ ಒಳಗಿಂದ ಡ್ರೈವರ್ ಕೈಯಲ್ಲಿ ಹಿಡ್ಕೊಂಡು ಇಳಿಸಿದ ತುಳಸಿ ಗಿಡ. ಹತ್ತೂವರೆಗೆ ಎಲ್ಲ ಖಾಲಿ ಆಯ್ತು. ಆಮೇಲೆ ಆ ಡ್ರೈವರ್ ಗಾಡಿಯನ್ನು ನೆರಳಿಗೆ ಹಾಕಿ ಫೋನ್ ಹಿಡ್ಕೊಂಡು ಕೂತ, ಸಂಜೆ ನಾಲ್ಕು ಗಂಟೆಗೂ ಅಲ್ಲೇ ಇದ್ದ. ಚಾ ಕೊಟ್ಟು ಮಾತಾಡಿಸಿದ್ರೆ, "ಸಾರ್, ಬೆಂಗಳೂರಿಗೆ ಏನಾದ್ರೂ ಲೋಡ್ ಇದ್ಯಾ ನೋಡಿ, ಡೀಸೆಲ್ ಕಾಸು ಬಂದ್ರೆ ಸಾಕು" ಅಂದ. ಬರುವಾಗ ಪೂರ್ತಿ ಬಾಡಿಗೆ ತಗೊಂಡು ಬಂದ ಗಾಡಿ ವಾಪಸ್ ಹೋಗ್ಲಿಕ್ಕೆ ಡೀಸೆಲ್ ಕಾಸಿಗೆ ರೆಡಿ ಇತ್ತು. ಅದೇ ಗಾಡಿ, ಅದೇ ರೋಡು, ಅದೇ ಘಾಟಿ, ಆದ್ರೆ ರೇಟ್ ಎರಡು.

ಆ ಎರಡು ರೇಟಿನ ನಡುವಿನ ಗ್ಯಾಪ್‌ನಲ್ಲಿ ಜನರ ಓಡಾಟದ ಲೆಕ್ಕ ಅಡಗಿ ಕೂತಿರ್ತದೆ. ಅದನ್ನು ಹೊರಗೆ ತೆಗೆಯೋದು ಹೇಗೆ ಅಂತ ನಾನು ಮಾಡಿ ನೋಡಿ, ಎರಡು ಸಲ ತಪ್ಪು ಲೆಕ್ಕ ಹಾಕಿ ಕಲಿತದ್ದನ್ನು ಇಲ್ಲಿ ಪೂರ್ತಿ ಬರೀತಿದ್ದೇನೆ.

ಇದು ಯಾಕೆ ಬೇಕು ಅಂದ್ರೆ, ನಮ್ಮ ಊರಲ್ಲಿ ಯಾವ ಮದುವೆಗೆ ಹೋದ್ರೂ ಊಟದ ಪಂಕ್ತಿಯಲ್ಲಿ ಇದೇ ಮಾತು: ಮಕ್ಕಳೆಲ್ಲ ಬೆಂಗಳೂರಿಗೆ ಹೋದ್ರು, ಮನೆಗೆ ಬೀಗ, ತೋಟ ನೋಡ್ಲಿಕ್ಕೆ ಜನ ಇಲ್ಲ. ಪಕ್ಕದಲ್ಲಿ ಕೂತವರು, ಇಲ್ಲ ಈಗ ಎಲ್ಲ ವಾಪಸ್ ಬರ್ತಿದ್ದಾರೆ, ಫ್ಲಾಟ್ ಸಿಗುದಿಲ್ಲ ಅಂತ ಹೇಳ್ತಾರೆ. ಇಬ್ಬರ ಹತ್ರಾನೂ ಲೆಕ್ಕ ಇಲ್ಲ. ಸರ್ಕಾರದ ಕಡೆಯಿಂದ ನಮಗೆ ಸಿಕ್ಕಿರುವ ಪೂರ್ತಿ ಜನಗಣತಿ 2011ರದ್ದು. ಅದರಲ್ಲಿ ಉಡುಪಿ ಜಿಲ್ಲೆ 11,77,361 ಜನ, ಹತ್ತು ವರ್ಷದಲ್ಲಿ ಬೆಳೆದದ್ದು ಬರೀ 5.85 ಪರ್ಸೆಂಟ್, ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 47 ಪರ್ಸೆಂಟ್ ಬೆಳೆದಿತ್ತು. ಉಡುಪಿಯಲ್ಲಿ 1000 ಗಂಡಸರಿಗೆ 1094 ಹೆಂಗಸರು, ಇಡೀ ರಾಜ್ಯದಲ್ಲಿ 973. ದುಡಿಯುವ ಗಂಡಸರು ಮುಂಬೈ, ಗಲ್ಫ್, ಬೆಂಗಳೂರು ಅಂತ ಹೋದದ್ದರ ಗುರುತು ಇದು. ಆದ್ರೆ ಆ ಲೆಕ್ಕ ಹಳತಾಯ್ತು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡಿದ್ದಾರೆ, ಅದರ ವಲಸೆ ಟೇಬಲ್‌ಗಳು ಕೈಗೆ ಸಿಗ್ಲಿಕ್ಕೆ ಇನ್ನೂ ಟೈಮ್ ಹಿಡೀತದೆ, ಹೋದ ಸಲಾನೂ ವರ್ಷಗಟ್ಟಲೆ ಹಿಡಿದಿತ್ತು. ಅಲ್ಲಿವರೆಗೆ ಕಾಯುವ ಬದಲು ಗಾಡಿ ಬಾಡಿಗೆ ಕೇಳ್ಬಹುದು, ಅದು ಪ್ರತಿ ತಿಂಗಳೂ ಸಿಗ್ತದೆ.

ಮೊದಲು ಈ ಲೆಕ್ಕ ಎಲ್ಲಿಂದ ಬಂತು

ಐಡಿಯಾ ಅಮೆರಿಕದ್ದು. ಅಲ್ಲಿ ಮನೆ ಶಿಫ್ಟ್ ಮಾಡುವಾಗ ಜನ ಟ್ರಕ್ಕನ್ನು ಬಾಡಿಗೆಗೆ ತಗೊಂಡು ತಾವೇ ಓಡಿಸ್ತಾರೆ, ಹೋದ ಊರಲ್ಲೇ ಕಂಪೆನಿಗೆ ವಾಪಸ್ ಕೊಡ್ತಾರೆ. ಯು-ಹಾಲ್ ಅನ್ನುವ ಕಂಪೆನಿ ಇದರಲ್ಲಿ ದೊಡ್ಡದು. 1945ರಲ್ಲಿ ನೌಕಾಪಡೆಯಿಂದ ಬಿಡುಗಡೆ ಆಗಿ ಬಂದ ಲೆನರ್ಡ್ ಶೋನ್ ಮತ್ತು ಅವರ ಹೆಂಡತಿ ಆನಾ ಮೇರಿ ವಾಷಿಂಗ್ಟನ್ ರಾಜ್ಯದ ರಿಜ್‌ಫೀಲ್ಡ್ ಅನ್ನುವ ಊರಲ್ಲಿ ಶುರು ಮಾಡಿದ್ದು. ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಡುವ ಹಾಗೆ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿ) ಯಾರೂ ಬಾಡಿಗೆಗೆ ಕೊಡುದಿಲ್ಲ ಅನ್ನುವುದೇ ಅವರಿಗೆ ಆ ಯೋಚನೆ ಕೊಟ್ಟದ್ದು.

ಈಗ ಯೋಚಿಸಿ, ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಜಾಸ್ತಿ ಜನ ಹೋಗ್ತಾರೆ, ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಕಮ್ಮಿ ಬರ್ತಾರೆ ಅಂತಾದ್ರೆ ಟ್ರಕ್‌ಗಳೆಲ್ಲ ಟೆಕ್ಸಾಸ್‌ನಲ್ಲಿ ರಾಶಿ ಬೀಳ್ತವೆ, ಕ್ಯಾಲಿಫೋರ್ನಿಯಾದಲ್ಲಿ ಟ್ರಕ್ ಇಲ್ಲ. ಕಂಪೆನಿ ಎಂತ ಮಾಡ್ತದೆ? ಕ್ಯಾಲಿಫೋರ್ನಿಯಾದಿಂದ ಹೊರಡುವ ರೇಟ್ ಏರಿಸ್ತದೆ, ವಾಪಸ್ ಬರುವ ರೇಟ್ ಇಳಿಸ್ತದೆ, ಯಾಕಂದ್ರೆ ಖಾಲಿ ಟ್ರಕ್ಕನ್ನು ಸಂಬಳ ಕೊಟ್ಟು ತರಿಸುವುದಕ್ಕಿಂತ ಯಾರಾದ್ರೂ ಕಮ್ಮಿಗೆ ಓಡಿಸ್ಕೊಂಡು ಬಂದ್ರೆ ಲಾಭ. ಮಿಷಿಗನ್ ವಿಶ್ವವಿದ್ಯಾಲಯದ ಫ್ಲಿಂಟ್ ಕ್ಯಾಂಪಸ್‌ನಲ್ಲಿ ಅರ್ಥಶಾಸ್ತ್ರ ಕಲಿಸ್ತಿದ್ದ ಮಾರ್ಕ್ ಪೆರ್ರಿ ಇಂಥ ಎರಡು ದಿಕ್ಕಿನ ರೇಟುಗಳನ್ನು ಪಕ್ಕಪಕ್ಕ ಇಟ್ಟು ಎಷ್ಟೋ ವರ್ಷ ತೋರಿಸ್ತಾ ಬಂದ್ರು. ಇದು ಬರೀ ಊಹೆ ಆಗಿರಲಿಲ್ಲ. 2020ರ ಜನಗಣತಿ ಆದ ಮೇಲೆ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲೇ ಮೊದಲ ಸಲ ಸಂಸತ್ತಿನ ಕೆಳಮನೆಯ ಒಂದು ಸೀಟ್ ಕಳ್ಕೊಂಡಿತು, 53 ಇದ್ದದ್ದು 52 ಆಯ್ತು. ಟೆಕ್ಸಾಸ್‌ಗೆ ಎರಡು ಸೀಟ್ ಜಾಸ್ತಿ ಬಂತು, 36 ಇದ್ದದ್ದು 38. ಟ್ರಕ್ ರೇಟ್ ತೋರಿಸ್ತಿದ್ದ ದಿಕ್ಕೂ ಅದೇ. ಆ ಕಂಪೆನಿ ತಾನೇ ಪ್ರತಿ ವರ್ಷ ಯಾವ ರಾಜ್ಯಕ್ಕೆ ಜಾಸ್ತಿ ಟ್ರಕ್ ಬಂತು ಅಂತ ಲಿಸ್ಟ್ ಹಾಕ್ತದೆ, ಅದರಲ್ಲಿ 2020ರಿಂದ 2024ರವರೆಗೆ ಐದು ವರ್ಷವೂ ಕ್ಯಾಲಿಫೋರ್ನಿಯಾ ಕೊನೆಗೆ. ಆದ್ರೆ ಆ ಲಿಸ್ಟನ್ನು ನೇರವಾಗಿ ಜನಸಂಖ್ಯೆಯ ಲೆಕ್ಕ ಅಂತ ತಗೊಳ್ಬೇಡಿ ಅಂತ ಅವರೇ ಹೇಳ್ತಾರೆ, ಆ ಎಚ್ಚರಿಕೆ ನಮಗೂ ಬೇಕು.

ಇಷ್ಟು ಓದಿದ ಕೂಡ್ಲೇ ನಾನು ಮಾಡಿದ ತಪ್ಪು ಏನಂದ್ರೆ, ಅದನ್ನೇ ಇಲ್ಲಿಗೆ ಹಾಗೇ ಹಾಕ್ಲಿಕ್ಕೆ ಹೋದದ್ದು. ಇಲ್ಲಿ ಹಾಗೆ ಆಗುದಿಲ್ಲ. ಕಾರಣ ಮೂರು. ನಮ್ಮಲ್ಲಿ ಗಾಡಿ ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ಟು ಹೋಗುವ ಕ್ರಮ ಇಲ್ಲ, ಡ್ರೈವರ್ ಜೊತೆಗೇ ಗಾಡಿ ಬರ್ತದೆ, ಆ ಡ್ರೈವರ್‌ಗೆ ಒಂದು ಊರು ಉಂಟು, ಅವನು ಅಲ್ಲಿಗೆ ವಾಪಸ್ ಹೋಗ್ಲೇಬೇಕು. ಎರಡನೇದು, ಮನೆ ಸಾಮಾನು ತರುವ ಗಾಡಿಯೇ ನಾಳೆ ಟೈಲ್ಸ್ ತರ್ತದೆ, ನಾಡಿದ್ದು ತರಕಾರಿ ತರ್ತದೆ, ಅಂದ್ರೆ ರಿಟರ್ನ್ ಲೋಡಿನ ರೇಟ್‌ನಲ್ಲಿ ಸರಕಿನ ವ್ಯಾಪಾರ ಪೂರ್ತಿ ಸೇರ್ಕೊಂಡಿರ್ತದೆ. ಮೂರನೇದು ರೇಟ್ ಬೋರ್ಡ್ ಇಲ್ಲ, ಎಲ್ಲ ಬಾಯಿ ಮಾತು. ಈ ಮೂರನ್ನೂ ದಾಟ್ಲಿಕ್ಕೆ ದಾರಿ ಉಂಟು, ಅದೇ ಮುಂದಿನ ಸ್ಟೆಪ್‌ಗಳು.

ಸ್ಟೆಪ್ 1: ರೂಟ್ ಆರಿಸೋದು

ಒಂದೇ ರೂಟ್ ಹಿಡ್ಕೊಂಡ್ರೆ ಏನೂ ಗೊತ್ತಾಗುದಿಲ್ಲ, ಕಮ್ಮಿ ಅಂದ್ರೂ ನಾಲ್ಕು ಬೇಕು. ನಾನು ಇಟ್ಕೊಂಡದ್ದು ಉಡುಪಿ–ಬೆಂಗಳೂರು, ಮಂಗಳೂರು–ಬೆಂಗಳೂರು, ಉಡುಪಿ–ಮುಂಬೈ, ಮಂಗಳೂರು–ಮೈಸೂರು. ಮಂಗಳೂರಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್, ಉಡುಪಿಯಿಂದ ಅಂದಾಜು 400, ಎರಡಕ್ಕೂ ಸಾಮಾನ್ಯವಾಗಿ ಶಿರಾಡಿ ಘಾಟಿಯೇ. ಮೈಸೂರು ರೂಟ್ ಇಟ್ಕೊಂಡದ್ದು ಹೋಲಿಕೆಗೆ, ಅದು ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮೇಲೆ ಹೋಗ್ತದೆ. ಉಡುಪಿ–ಮಂಗಳೂರು ರೂಟ್ ಮಾತ್ರ ಹಾಕ್ಬೇಡಿ, 55–60 ಕಿಲೋಮೀಟರಿಗೆ ಡ್ರೈವರ್‌ಗಳು ಖಾಲಿ ಬರುವ ಲೆಕ್ಕ ಸೇರಿಸಿಯೇ ರೇಟ್ ಹೇಳ್ತಾರೆ, ಎರಡೂ ದಿಕ್ಕಿಗೆ ಒಂದೇ ಬರ್ತದೆ, ಅದರಿಂದ ಉಪಯೋಗ ಇಲ್ಲ. ಒಂದು ದಿನದಲ್ಲಿ ಹೋಗಿ ಬರ್ಲಿಕ್ಕೆ ಆಗದಷ್ಟು ದೂರ ಇದ್ರೆ ಮಾತ್ರ ರಿಟರ್ನ್ ಲೋಡಿನ ಪ್ರಶ್ನೆ ಬರೋದು.

ಸ್ಟೆಪ್ 2: ಗಾಡಿ ಮತ್ತು ಸಾಮಾನು ಫಿಕ್ಸ್ ಮಾಡೋದು

ಪ್ರತಿ ಸಲ ಒಂದೇ ಗಾಡಿ, ಒಂದೇ ಸಾಮಾನು ಕೇಳ್ಬೇಕು. ಟಾಟಾ ಏಸ್ ಅಥವಾ ಪಿಕಪ್ ಬೇಡ, ಅದು ಊರೊಳಗೆ ಓಡುವ ಗಾಡಿ. 407 ನಡೀತದೆ, ಆದ್ರೆ 14 ಅಡಿ ಮುಚ್ಚಿದ ಬಾಡಿಯ ಗಾಡಿ ಒಳ್ಳೇದು, ಎರಡು ಬೆಡ್‌ರೂಮ್ ಮನೆಯ ಸಾಮಾನು ಅದರಲ್ಲಿ ಹಿಡೀತದೆ. ನನ್ನ ಲಿಸ್ಟ್ ಒಂದು ಚೀಟಿಯಲ್ಲಿ ಬರ್ದಿಟ್ಟಿದ್ದೇನೆ: ಎರಡು ಮಂಚ ಬೆಡ್ ಸಮೇತ, ಒಂದು ಕಬ್ಬಿಣದ ಕಪಾಟು, ಫ್ರಿಜ್, ವಾಷಿಂಗ್ ಮೆಷಿನ್, ಸೋಫಾ, ಟಿವಿ, ಇಪ್ಪತ್ತು ಬಾಕ್ಸ್, ಒಂದು ಸ್ಕೂಟರ್. ಗ್ರೌಂಡ್ ಫ್ಲೋರ್‌ನಿಂದ ಗ್ರೌಂಡ್ ಫ್ಲೋರ್‌ಗೆ. ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತ ಹೇಳಿದ್ರೆ ಹಮಾಲಿ ರೇಟ್ ಸೇರಿ ಲೆಕ್ಕ ಕೆಡ್ತದೆ, ಬೆಂಗಳೂರಲ್ಲಿ ಹಮಾಲಿ ರೇಟೇ ಬೇರೆ. ಹಾಗಾಗಿ ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್ ಬಿಟ್ಟು ಬರೀ ಗಾಡಿ ಬಾಡಿಗೆ ಎಷ್ಟು ಅಂತ ಬೇರೆ ಮಾಡಿ ಕೇಳ್ಬೇಕು. ಇದನ್ನು ನಾನು ಮೊದಲ ಮೂರು ತಿಂಗಳು ಕೇಳ್ಲಿಲ್ಲ, ಆ ಮೂರು ತಿಂಗಳ ಲೆಕ್ಕ ಪೂರ್ತಿ ಬಿಸಾಡ್ಬೇಕಾಯ್ತು.

ಸ್ಟೆಪ್ 3: ದಿನ ಫಿಕ್ಸ್ ಮಾಡೋದು

ಇದು ನಮ್ಮ ಊರಿಗೇ ಇರುವ ವಿಷಯ, ಸ್ವಲ್ಪ ಗಮನ ಕೊಡಿ. ತಿಂಗಳ ಕೊನೆ ಮತ್ತು 1ನೇ ತಾರೀಕು ಎಲ್ಲ ಕಡೆ ರೇಟ್ ಜಾಸ್ತಿ, ಮನೆ ಬಾಡಿಗೆ ಲೆಕ್ಕ ಹಾಗಿರ್ತದೆ. ಶನಿವಾರ ಭಾನುವಾರ ಜಾಸ್ತಿ. ಹಾಗಾಗಿ ತಿಂಗಳ ಮಧ್ಯದ ಒಂದು ಬುಧವಾರ ಇಟ್ಕೊಳ್ಳಿ, ಕೇಳುವುದು ಅದಕ್ಕಿಂತ ಎರಡು ವಾರ ಮುಂಚೆ.

ಆಟಿ ತಿಂಗಳು, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ತುಳುನಾಡಲ್ಲಿ ಹೊಸ ಮನೆಗೆ ಹೋಗುವವರು ಕಮ್ಮಿ, ಗೃಹಪ್ರವೇಶ ಮಾಡುದೇ ಇಲ್ಲ. ಆಗ ಇಲ್ಲಿಗೆ ಬರುವ ಫ್ಯಾಮಿಲಿ ಲೋಡ್ ಬೀಳ್ತದೆ. ಆದ್ರೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುವವರು ಆಟಿ ಅಂತ ನಿಲ್ಲುದಿಲ್ಲ, ಜಾಯಿನಿಂಗ್ ಡೇಟ್ ಕಂಪೆನಿ ಹೇಳಿದ್ದೇ. ಹಾಗಾಗಿ ಆಟಿಯಲ್ಲಿ ರೇಷಿಯೋ (ಹೋಗುವ ರೇಟನ್ನು ಬರುವ ರೇಟಿನಿಂದ ಭಾಗಿಸಿದ್ದು, ಸ್ಟೆಪ್ 5ರಲ್ಲಿ ಉಂಟು) ನೋಡಿದ್ರೆ ಎಲ್ಲರೂ ಊರು ಬಿಡ್ತಿದ್ದಾರೆ ಅನ್ನಿಸ್ತದೆ. ಏಪ್ರಿಲ್–ಮೇ ಇದಕ್ಕೆ ಉಲ್ಟಾ, ಶಾಲೆ ರಜೆ ಮತ್ತು ಮುಹೂರ್ತ ಎರಡೂ ಸೇರ್ತದೆ. ಹಾಗಾಗಿ ಮೇ ತಿಂಗಳನ್ನು ಆಗಸ್ಟ್‌ಗೆ ಹೋಲಿಸ್ಲೇಬಾರ್ದು, ಈ ವರ್ಷದ ಮೇ ತಿಂಗಳನ್ನು ಹೋದ ವರ್ಷದ ಮೇ ತಿಂಗಳಿಗೇ ಹೋಲಿಸ್ಬೇಕು. ಅಂದ್ರೆ ಮಾತಾಡ್ಲಿಕ್ಕೆ ಒಂದು ವರ್ಷದ ಡೇಟಾ ಸಾಲುದಿಲ್ಲ, ಎರಡು ವರ್ಷ ಬೇಕು. ಬೇಸರ ಆದ್ರೂ ಇದಕ್ಕೆ ಶಾರ್ಟ್‌ಕಟ್ ಇಲ್ಲ.

ಮತ್ತೆ ಮಳೆ. 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಬಂದ್ ಆಯ್ತು, ಸಂಪಾಜೆಯೂ ಬಂದ್ ಆಯ್ತು, ಗುಡ್ಡ ಜರಿದು. ಮರುವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿ. ಆಗುಂಬೆಯಲ್ಲಿ ದೊಡ್ಡ ಗಾಡಿ ಬಿಡುದಿಲ್ಲ. ಘಾಟಿ ಬಂದ್ ಆದ ವಾರದಲ್ಲಿ ಸಿಗುವ ರೇಟ್ ರೋಡಿನ ರೇಟ್, ಜನರ ರೇಟ್ ಅಲ್ಲ, ಅದನ್ನು ಶೀಟ್‌ನಲ್ಲಿ ಬರ್ದು ಪಕ್ಕದಲ್ಲಿ "ಘಾಟಿ ಬಂದ್" ಅಂತ ಹಾಕಿ, ಲೆಕ್ಕಕ್ಕೆ ತಗೊಳ್ಬೇಡಿ.

ಸ್ಟೆಪ್ 4: ರೇಟ್ ಕೇಳೋದು, ಯಾರ ಹತ್ರ

ಇಡೀ ಕೆಲಸದಲ್ಲಿ ಕಷ್ಟದ ಸ್ಟೆಪ್ ಇದೇ, ಇದರಲ್ಲೇ ಜಾಸ್ತಿ ಜನ ಸೋಲೋದು.

ಮೊಬೈಲ್ ಆಪ್‌ನಲ್ಲಿ ಔಟ್‌ಸ್ಟೇಷನ್ ರೇಟ್ ನೋಡಿದ್ರೆ ಸುಲಭ ಅಲ್ವಾ ಅಂತ ಅನ್ನಿಸ್ತದೆ. ಒಂದು ಸಲ ಟೆಸ್ಟ್ ಮಾಡಿ ನೋಡಿ: ಉಡುಪಿಯಿಂದ ಬೆಂಗಳೂರು ಹಾಕಿ, ಆಮೇಲೆ ಬೆಂಗಳೂರಿಂದ ಉಡುಪಿ ಹಾಕಿ. ಎರಡೂ ಒಂದೇ ಬಂದ್ರೆ ಆ ಆಪ್ ಬರೀ ಕಿಲೋಮೀಟರ್ ಲೆಕ್ಕ ಹಾಕ್ತಿದೆ, ಅದರಲ್ಲಿ ಮಾರ್ಕೆಟ್ ಇಲ್ಲ, ಬಿಟ್ಟುಬಿಡಿ. ಬೇರೆ ಬೇರೆ ಬಂದ್ರೆ ಇಟ್ಕೊಳ್ಳಿ. ಇನ್ನೊಂದು, ಹತ್ತು ಕಂಪೆನಿಯ ಕೊಟೇಶನ್ ಒಟ್ಟಿಗೆ ಕೊಡ್ತೇವೆ ಅನ್ನುವ ಸೈಟಿಗೆ ನಂಬರ್ ಕೊಟ್ರೆ ಆ ದಿನ ಫೋನ್ ನಿಲ್ಲುದಿಲ್ಲ, ಮತ್ತೆ ಅಲ್ಲಿ ಹೇಳುವ ಮೊದಲ ರೇಟ್ ಚೌಕಾಸಿಗೆ ಇಟ್ಟ ರೇಟ್, ಗಾಡಿ ನಿಜವಾಗಿ ಹೊರಡುವ ರೇಟ್ ಅಲ್ಲ.

ನಿಜ ರೇಟ್ ಇರೋದು ಲಾರಿ ಬುಕಿಂಗ್ ಆಫೀಸ್‌ನವರ ಹತ್ರ, ಬ್ರೋಕರ್‌ಗಳ ಹತ್ರ, ಗಾಡಿ ಓನರ್‌ಗಳ ಹತ್ರ. ಮಂಗಳೂರಲ್ಲಿ ಬಂದರು, ಬೈಕಂಪಾಡಿ ಕಡೆ ಹೋದ್ರೆ ಇಂಥವರು ಸಿಗ್ತಾರೆ. ಇಲ್ಲಿ ಒಂದು ವಿಷಯ ಖಡಕ್ಕಾಗಿ ಹೇಳ್ತೇನೆ: ಮನೆ ಶಿಫ್ಟ್ ಉಂಟು ಅಂತ ಸುಳ್ಳು ಹೇಳಿ ಪ್ರತಿ ತಿಂಗಳು ಫೋನ್ ಮಾಡ್ಬೇಡಿ. ಅವರ ಹೊಟ್ಟೆಪಾಡು ಅದು, ಒಂದು ಬಾಡಿಗೆ ಬರ್ತದೆ ಅಂತ ನಂಬಿ ಅವರು ಡ್ರೈವರ್‌ಗೆ ಫೋನ್ ಮಾಡ್ತಾರೆ, ಗಾಡಿ ತಡೀತಾರೆ. ನೇರವಾಗಿ ಹೇಳಿ, ಅಣ್ಣ, ನಾನು ರೇಟ್ ಬರ್ದಿಡ್ತಾ ಇದ್ದೇನೆ, ಜನ ಎಷ್ಟು ಬರ್ತಾರೆ ಹೋಗ್ತಾರೆ ನೋಡ್ಲಿಕ್ಕೆ, ತಿಂಗಳಿಗೆ ಒಂದು ಸಲ ಐದು ನಿಮಿಷ ಮಾತಾಡ್ಬಹುದಾ ಅಂತ. ನಾನು ಕೇಳಿದವರಲ್ಲಿ ಹೆಚ್ಚಿನವರು ಖುಷಿಯಲ್ಲಿ ಹೇಳಿದ್ರು. ಒಬ್ಬರು ಹಳಬರು ರೇಟಿಗಿಂತ ಜಾಸ್ತಿ ವಿಷಯ ಹೇಳ್ತಾರೆ, ಯಾವ ಊರಿನ ಕಡೆಯಿಂದ ಸಾಮಾನು ಬರ್ತಾ ಉಂಟು, ಯಾವ ಫ್ಲಾಟಿಗೆ, ರಿಟೈರ್ ಆದವರಾ, ಚಿಕ್ಕ ಮಕ್ಕಳ ಫ್ಯಾಮಿಲಿಯಾ, ಎಲ್ಲ.

ಈಗ ಮುಖ್ಯ ವಿಷಯ: ಗಾಡಿ ಯಾವ ಊರಿನದ್ದು. ಉಡುಪಿ ಓನರ್ ಹತ್ರ ಉಡುಪಿ–ಬೆಂಗಳೂರು ಕೇಳಿದ್ರೆ ವಾಪಸ್ ಖಾಲಿ ಬರುವ ಖರ್ಚು ಸೇರಿಸಿ ಹೇಳ್ತಾರೆ, ಅವರ ಹತ್ರಾನೇ ಬೆಂಗಳೂರು–ಉಡುಪಿ ಕೇಳಿದ್ರೆ ಹೇಗೂ ವಾಪಸ್ ಬರ್ಬೇಕಲ್ವಾ ಅಂತ ಕಮ್ಮಿ ಹೇಳ್ತಾರೆ. ಬೆಂಗಳೂರು ಓನರ್ ಇದಕ್ಕೆ ಪೂರ್ತಿ ಉಲ್ಟಾ. ಒಬ್ಬರ ಹತ್ರ ಮಾತ್ರ ಕೇಳಿ ರೇಷಿಯೋ ಹಾಕಿದ್ರೆ ನಿಮಗೆ ಗೊತ್ತಾಗೋದು ಅವರ ಮನೆ ಎಲ್ಲಿ ಅಂತ ಮಾತ್ರ. ನನ್ನ ಎರಡನೇ ತಪ್ಪು ಇದೇ. ಹಾಗಾಗಿ ಒಂದು ರೂಟಿಗೆ ಎರಡೂ ಊರಿನ ಓನರ್‌ಗಳಿಂದ ಎರಡೂ ದಿಕ್ಕಿನ ರೇಟ್ ತಗೊಳ್ಬೇಕು, ಕಮ್ಮಿ ಅಂದ್ರೆ ಆ ಕಡೆ ಇಬ್ಬರು ಈ ಕಡೆ ಇಬ್ಬರು. ಆಮೇಲೆ ಪ್ರತಿ ದಿಕ್ಕಿಗೂ ಸಿಕ್ಕಿದ್ದರಲ್ಲಿ ಅತಿ ಕಮ್ಮಿ ರೇಟ್ ಯಾವುದೋ ಅದನ್ನು ಇಟ್ಕೊಳ್ಳಿ, ಜನ ನಿಜವಾಗಿ ಹೋಗೋದು ಅದರಲ್ಲೇ. ಆ ಕಮ್ಮಿ ರೇಟ್ ಯಾವ ಊರಿನ ಗಾಡಿ ಕೊಟ್ಟದ್ದು ಅಂತ ಪಕ್ಕದಲ್ಲಿ ಬರೀರಿ.

ಇದು ಯಾಕೆ ಅಂದ್ರೆ, ಉಡುಪಿಯಿಂದ ಬೆಂಗಳೂರಿಗೆ ಅತಿ ಕಮ್ಮಿ ರೇಟ್ ಕೊಡ್ತಿರೋದು ಬೆಂಗಳೂರು ಗಾಡಿ ಅಂತಾದ್ರೆ, ಆ ಗಾಡಿ ಇಲ್ಲಿಗೆ ಏನೋ ತಂದು ಖಾಲಿ ನಿಂತಿದೆ ಅಂತ ಅರ್ಥ, ನಮ್ಮ ಪಕ್ಕದ ಮನೆ ಎದುರು ನಿಂತಿದ್ದ ಗಾಡಿ ಹಾಗೆ. ಫ್ಲಾಟ್‌ಗಳ ಎದುರು ಸಾಮಾನು ಇಳಿಸುವ ಗಾಡಿ ಕಂಡ್ರೆ ನಂಬರ್ ಪ್ಲೇಟ್ ಯಾವ ಸೀರೀಸ್ ಅಂತ ನೋಡುವ ಅಭ್ಯಾಸ ಮಾಡ್ಕೊಳ್ಳಿ, ಕೆಎ 19 ಮಂಗಳೂರು, ಕೆಎ 20 ಉಡುಪಿ, ಕೆಎ 21 ಪುತ್ತೂರು, 01ರಿಂದ 05 ಬೆಂಗಳೂರು. ಪೂರ್ತಿ ನಂಬರ್ ಬರ್ಕೊಳ್ಳುವ ಅಗತ್ಯ ಇಲ್ಲ, ಸೀರೀಸ್ ಸಾಕು.

ಸ್ಟೆಪ್ 5: ರೇಷಿಯೋ

ಹೋಗುವ ರೇಟನ್ನು ಬರುವ ರೇಟಿನಿಂದ ಭಾಗಿಸಿ. 1 ಬಂದ್ರೆ ಸಮ. 1ಕ್ಕಿಂತ ಜಾಸ್ತಿ ಆದ್ರೆ ಇಲ್ಲಿಂದ ಹೋಗುವ ಲೋಡ್ ಜಾಸ್ತಿ, ಕಮ್ಮಿ ಆದ್ರೆ ಬರುವ ಲೋಡ್ ಜಾಸ್ತಿ. ರೇಟನ್ನು ನೇರವಾಗಿ ನೋಡದೆ ರೇಷಿಯೋ ಯಾಕೆ ಅಂದ್ರೆ, ಡೀಸೆಲ್ ಏರಿದ್ರೆ ಎರಡೂ ದಿಕ್ಕಿನ ರೇಟ್ ಏರ್ತದೆ, ಟೋಲ್ ಏರಿದ್ರೂ ಹಾಗೇ, ಭಾಗಿಸಿದಾಗ ಅವೆಲ್ಲ ಹೆಚ್ಚುಕಮ್ಮಿ ವಜಾ ಆಗಿ ಹೋಗ್ತವೆ. ಬಾಡಿಗೆ ಜಾಸ್ತಿ ಆಯ್ತು, ಜನ ಊರು ಬಿಡ್ತಿದ್ದಾರೆ ಅಂತ ಯಾರಾದ್ರೂ ಒಂದೇ ದಿಕ್ಕಿನ ರೇಟ್ ತೋರಿಸಿದ್ರೆ ನಂಬ್ಬೇಡಿ.

ಸರಾಸರಿ ತೆಗೆಯುವಾಗ ಒಂದು ಎಚ್ಚರಿಕೆ. ಒಂದು ತಿಂಗಳು ರೇಷಿಯೋ 2, ಇನ್ನೊಂದು ತಿಂಗಳು 0.5 ಅಂತಿಟ್ಕೊಳ್ಳಿ. ಒಂದು ತಿಂಗಳು ಹೋಗೋದು ಡಬಲ್, ಇನ್ನೊಂದು ತಿಂಗಳು ಬರೋದು ಡಬಲ್, ಒಟ್ಟು ಸಮ ಆಗ್ಬೇಕು. ಆದ್ರೆ ಕೂಡಿಸಿ ಎರಡರಿಂದ ಭಾಗಿಸಿದ್ರೆ 1.25 ಬರ್ತದೆ, ಜನ ಹೋಗ್ತಿದ್ದಾರೆ ಅಂತ ಸುಳ್ಳು ಹೇಳ್ತದೆ. ಅದಕ್ಕೆ ಶೀಟ್‌ನಲ್ಲಿ ರೇಷಿಯೋಗೆ ಲಾಗ್ (ಗಣಿತದ ಲಾಗರಿದಮ್) ಹಾಕಿ, ಲಾಗ್‌ಗಳ ಸರಾಸರಿ ತೆಗೀರಿ, ಆಗ 2 ಮತ್ತು 0.5 ಒಂದನ್ನೊಂದು ಹೊಡೆದು ಸೊನ್ನೆ ಆಗ್ತದೆ, ಅಂದ್ರೆ ಸಮ. ಲಾಗ್ ಬೇಡ ಅಂತಾದ್ರೆ ಹನ್ನೆರಡು ತಿಂಗಳ ರೇಷಿಯೋವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದ್ದು ತಗೊಳ್ಳಿ, ಅದೂ ಸಾಕು.

ಸ್ಟೆಪ್ 6: ಸರಕನ್ನು ಕಳೆಯೋದು

ಅಮೆರಿಕದ ಲೆಕ್ಕದಲ್ಲಿ ಈ ಸ್ಟೆಪ್ ಇಲ್ಲ, ಅಲ್ಲಿ ಆ ಟ್ರಕ್‌ಗಳಲ್ಲಿ ಹೋಗೋದು ಹೆಚ್ಚಾಗಿ ಮನೆ ಸಾಮಾನೇ. ಇಲ್ಲಿ ಇದನ್ನು ಬಿಟ್ರೆ ಉಳಿದದ್ದೆಲ್ಲ ವೇಸ್ಟ್.

ನಮ್ಮದು ಬಂದರಿನ ಊರು. ಪಣಂಬೂರಿನ ಬಂದರಿಗೆ ಹಡಗಲ್ಲಿ ಸರಕು ಬರ್ತದೆ, ಅಲ್ಲಿಂದ ಘಟ್ಟದ ಮೇಲೆ ಲಾರಿ ಹತ್ತುತ್ತವೆ. ಮಲ್ಪೆಯಿಂದ ಮೀನು ಹೋಗ್ತದೆ, ಅಡಿಕೆ ಹೋಗ್ತದೆ, ಗೇರುಬೀಜದ ಫ್ಯಾಕ್ಟರಿಗಳಿಂದ ತಿರುಳು ಹೋಗ್ತದೆ. ಘಟ್ಟದ ಮೇಲಿಂದ ತರಕಾರಿ ಇಳೀತದೆ, ಬೆಂಗಳೂರಿಂದ ಅಂಗಡಿ ಸಾಮಾನು, ಕಟ್ಟಡದ ಸಾಮಾನು ಬರ್ತದೆ. ಮುಂಬೈ ಕಡೆಗಂತೂ ಸುರತ್ಕಲ್‌ನಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ವರೆಗೆ ಕೊಂಡೋಗುವ ರೋರೋ ಸರ್ವಿಸ್ ಕೊಂಕಣ ರೈಲ್ವೆಯಲ್ಲಿ ಉಂಟು. ಈ ಸರಕು ಯಾವ ದಿಕ್ಕಿಗೆ ಭಾರ ಆಗ್ತದೋ ಅದರ ಮೇಲೆ ಖಾಲಿ ಗಾಡಿ ಎಲ್ಲಿ ನಿಲ್ತದೆ ಅನ್ನೋದು ನಿಂತಿದೆ, ನಿಮ್ಮ ಕಪಾಟು ಮಂಚ ಅದರ ಮುಂದೆ ಸಣ್ಣದು.

ದಾರಿ ಏನಂದ್ರೆ, ಅದೇ ದಿನ, ಅದೇ 14 ಅಡಿ ಗಾಡಿಗೆ, ಅದೇ ಜನರ ಹತ್ರ, ಮಾಮೂಲಿ ಸರಕಿನ ಬಾಡಿಗೆ ಎರಡು ದಿಕ್ಕಿಗೂ ಕೇಳಿ. ಅದರ ರೇಷಿಯೋ ತೆಗೀರಿ. ಮನೆ ಸಾಮಾನಿನ ರೇಷಿಯೋವನ್ನು ಸರಕಿನ ರೇಷಿಯೋದಿಂದ ಭಾಗಿಸಿ. ಉಳಿದದ್ದೇ ನಿಮಗೆ ಬೇಕಾದದ್ದು.

ಲೆಕ್ಕ ಅರ್ಥ ಆಗ್ಲಿಕ್ಕೆ ಅಂತ ನಾನೇ ಕಟ್ಟಿದ ಸಂಖ್ಯೆಗಳು ಇವು, ನಿಜ ರೇಟ್ ಅಂತ ತಗೊಳ್ಬೇಡಿ. ಉಡುಪಿ–ಬೆಂಗಳೂರು ಮನೆ ಸಾಮಾನು 24,000, ಬೆಂಗಳೂರು–ಉಡುಪಿ 18,000. ರೇಷಿಯೋ 1.33. ನೋಡಿದ ಕೂಡ್ಲೇ ಅಯ್ಯೋ ಜನ ಖಾಲಿ ಆಗ್ತಿದ್ದಾರೆ ಅನ್ನಿಸ್ತದೆ. ಈಗ ಸರಕಿನ ರೇಟ್ ಹೋಗ್ಲಿಕ್ಕೆ 20,000, ಬರ್ಲಿಕ್ಕೆ 16,000, ರೇಷಿಯೋ 1.25. 1.33ನ್ನು 1.25ರಿಂದ ಭಾಗಿಸಿದ್ರೆ ಉಳಿಯೋದು ಸುಮಾರು 1.07. ಅಂದ್ರೆ ಕಂಡ ವ್ಯತ್ಯಾಸದ ದೊಡ್ಡ ಪಾಲು ಸರಕಿನದ್ದೇ, ಜನರದ್ದು ಸ್ವಲ್ಪ. ಇದೇ ಮನೆ ಸಾಮಾನಿನ ರೇಟಿಗೆ ಸರಕಿನ ರೇಷಿಯೋ 0.9 ಇದ್ದಿದ್ರೆ ಉತ್ತರ 1.48 ಆಗ್ತಿತ್ತು, ಆಗ ಮಾತು ಬೇರೆ.

ಇನ್ನೂ ಒಂದು ಉಂಟು. ರೇಟ್ ಕೆಳಗೆ ಇಳಿಯುವುದಕ್ಕೆ ಒಂದು ತಳ ಉಂಟು, ಡೀಸೆಲ್, ಟೋಲ್, ಡ್ರೈವರ್ ಬಾಟಾ ಇದಕ್ಕಿಂತ ಕೆಳಗೆ ಯಾರೂ ಗಾಡಿ ಹತ್ತುದಿಲ್ಲ, ಖಾಲಿ ಹೋಗ್ತೇನೆ ಆದ್ರೆ ನಿನ್ನ ಸಾಮಾನಿನ ತಲೆನೋವು ಬೇಡ ಅಂತಾರೆ. ಒಂದು ಸಲ ಆ ತಳ ಮುಟ್ಟಿದ ಮೇಲೆ ಜನ ಎಷ್ಟೇ ಜಾಸ್ತಿ ಬಂದ್ರೂ ವಾಪಸ್ ರೇಟ್ ಇಳಿಯುದಿಲ್ಲ. ಆಗ ರೇಟ್ ಬಿಟ್ಟು ದಿನ ಕೇಳಿ. ಪಾರ್ಟ್ ಲೋಡ್, ಅಂದ್ರೆ ಎರಡು ಮೂರು ಮನೆಯ ಸಾಮಾನು ಒಂದೇ ಕಂಟೈನರ್‌ನಲ್ಲಿ ಹಾಕುವುದು, ಅದಕ್ಕೆ ಎಷ್ಟು ದಿನ ಕಾಯ್ಬೇಕು ಅಂತ. ಜನ ಜಾಸ್ತಿ ಹೋಗುವ ದಿಕ್ಕಿಗೆ ಕಂಟೈನರ್ ಬೇಗ ತುಂಬ್ತದೆ, ನಾಳೆ ನಾಡಿದ್ದು ಅಂತಾರೆ. ಕಮ್ಮಿ ಇರುವ ದಿಕ್ಕಿಗೆ ಒಂದು ವಾರ ಹತ್ತು ದಿನ ಅಂತಾರೆ. ಅಲ್ಲಿ ಮನೆ ಸಾಮಾನು ಬಿಟ್ಟು ಬೇರೆ ಸರಕು ಹಾಕುವುದು ಕಮ್ಮಿ, ಹಾಗಾಗಿ ಈ ಕಾಯುವ ದಿನದ ಲೆಕ್ಕ ಬಹಳ ಕ್ಲೀನ್. ನನ್ನನ್ನು ಕೇಳಿದ್ರೆ ಒಂದೇ ಒಂದು ಪ್ರಶ್ನೆ ಕೇಳ್ಲಿಕ್ಕೆ ಅವಕಾಶ ಇದ್ರೆ ರೇಟ್ ಬಿಟ್ಟು ಇದನ್ನೇ ಕೇಳ್ತೇನೆ.

ಸ್ಟೆಪ್ 7: ಯಾರು ಕಾಣುದಿಲ್ಲ ಅಂತ ಬರ್ದಿಡೋದು

ಗಾಡಿ ಬಾಡಿಗೆಯಲ್ಲಿ ಕಾಣೋದು ಮಂಚ, ಫ್ರಿಜ್ ಇರುವ ಫ್ಯಾಮಿಲಿ ಮಾತ್ರ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗುವ ಹುಡುಗ ಹುಡುಗಿಯರು ಒಂದು ಸೂಟ್‌ಕೇಸ್, ಒಂದು ಬ್ಯಾಗ್ ಹಿಡ್ಕೊಂಡು ರಾತ್ರಿ ಬಸ್ಸಿಗೆ ಹತ್ತುತ್ತಾರೆ, ಬೈಕ್ ಆಮೇಲೆ ರೈಲ್ವೆ ಪಾರ್ಸೆಲ್‌ನಲ್ಲಿ ಹೋಗ್ತದೆ. ಗಲ್ಫ್‌ಗೆ ಹೋಗುವವರು ವಿಮಾನದಲ್ಲಿ. ಮಣಿಪಾಲಕ್ಕೆ ಓದ್ಲಿಕ್ಕೆ ಬರುವ ಮಕ್ಕಳು, ಉತ್ತರ ಕರ್ನಾಟಕದಿಂದ, ಒಡಿಶಾ ಬಿಹಾರದಿಂದ ಕಟ್ಟಡ ಕೆಲಸಕ್ಕೆ, ಮೀನುಗಾರಿಕೆಗೆ ಬರುವವರು, ಯಾರೂ ಐಷರ್ ಗಾಡಿ ಬುಕ್ ಮಾಡುದಿಲ್ಲ. ಹಾಗಾಗಿ ರೇಷಿಯೋ ಉಡುಪಿಗೆ ಬರುವ ಕಡೆ ವಾಲಿದ್ರೂ ಯುವಕರು ಊರು ಬಿಡ್ತಾ ಇರ್ಬಹುದು, ಎರಡೂ ಒಟ್ಟಿಗೆ ನಿಜ ಆಗ್ಬಹುದು: ಐವತ್ತೈದು ವರ್ಷದವರು ಸಾಮಾನು ಸಮೇತ ವಾಪಸ್, ಇಪ್ಪತ್ತೆರಡು ವರ್ಷದವರು ಬ್ಯಾಗ್ ಹಿಡ್ಕೊಂಡು ಹೊರಗೆ. ಮದುವೆ ಪಂಕ್ತಿಯಲ್ಲಿ ಜಗಳ ಆಡುವ ಇಬ್ಬರೂ ಸರಿ ಇರ್ಬಹುದು ಅಂತ ನನಗೆ ಅನ್ನಿಸಿದ್ದು ಇದರಿಂದಾನೇ.

2020ರ ಮೇ ತಿಂಗಳು ನೆನಪಿಸ್ಕೊಳ್ಳಿ. ಮುಂಬೈಯಿಂದ ಸಾವಿರಾರು ಜನ ಉಡುಪಿಗೆ ಬಂದ್ರು, ಬಸ್ಸು, ಕಾರು, ಸಿಕ್ಕಿದ್ದರಲ್ಲಿ. ಆಗ ಸಾಮಾನು ಗಾಡಿ ಬಾಡಿಗೆ ನೋಡಿದ್ರೆ ಏನೂ ಕಾಣ್ತಿರಲಿಲ್ಲ, ಜನ ಬಂದ್ರು, ಮಂಚ ಅಲ್ಲೇ ಉಳೀತು.

ಬಸ್ ಟಿಕೆಟ್ ರೇಟ್‌ನಿಂದ ಆ ಬ್ಯಾಗ್ ಹಿಡಿದ ಜನರನ್ನು ಅಳೀಬಹುದಾ ಅಂತ ಪ್ರಯತ್ನ ಮಾಡಿದೆ, ಆಗ್ಲಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿಂದ ದುಬಾರಿ, ಭಾನುವಾರ ರಾತ್ರಿ ಇಲ್ಲಿಂದ ದುಬಾರಿ, ಅದು ವೀಕೆಂಡಿಗೆ ಊರಿಗೆ ಬಂದು ಹೋಗುವವರ ರೇಟ್.

ಸ್ಟೆಪ್ 8: ಬೇರೆ ಕಡೆ ಕ್ರಾಸ್ ಚೆಕ್

ರೇಷಿಯೋ ಒಂದೇ ನಂಬಿ ಮಾತಾಡ್ಬಾರ್ದು, ಎರಡು ಬೇರೆ ಗುರುತು ಅದೇ ದಿಕ್ಕು ತೋರಿಸ್ಬೇಕು. ಜೂನ್‌ನಲ್ಲಿ ಹತ್ತಿರದ ಶಾಲೆಯಲ್ಲಿ ಬೆಂಗಳೂರು, ಮುಂಬೈ ಶಾಲೆಯ ಟಿಸಿ ಹಿಡ್ಕೊಂಡು ಎಷ್ಟು ಮಕ್ಕಳು ಬಂದ್ರು, ಇಲ್ಲಿಂದ ಎಷ್ಟು ಟಿಸಿ ಹೊರಗೆ ಹೋಯ್ತು ಅಂತ ಮಾಸ್ಟ್ರನ್ನೋ ಟೀಚರನ್ನೋ ಕೇಳಿ, ಹೆಸರು ಬೇಡ, ಸಂಖ್ಯೆ ಸಾಕು. ಗ್ಯಾಸ್ ಏಜೆನ್ಸಿಯಲ್ಲಿ ಕನೆಕ್ಷನ್ ಟ್ರಾನ್ಸ್‌ಫರ್ ಬರುವುದು ಜಾಸ್ತಿಯಾ ಹೋಗುವುದು ಜಾಸ್ತಿಯಾ ಕೇಳಿ. ಮುಂಬೈ ರೂಟಿಗೆ ಇನ್ನೊಂದು ಗುರುತು ಉಂಟು, ಎಂಎಚ್ ನಂಬರಿನ ಕಾರು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ರೆ ಇಲ್ಲಿನ ನಂಬರ್ ಮಾಡಿಸ್ಬೇಕು, ಅದಕ್ಕೆ ಅಲ್ಲಿನ ಎನ್‌ಒಸಿ ಬೇಕು, ಈ ಕೆಲಸ ಮಾಡಿಸಿ ಕೊಡುವ ಏಜೆಂಟ್‌ಗಳಿಗೆ ಜನ ಪರ್ಮನೆಂಟ್ ಬಂದ್ರಾ, ರಜೆಗೆ ಬಂದ್ರಾ ಅಂತ ಚೆನ್ನಾಗಿ ಗೊತ್ತಿರ್ತದೆ. ಬೆಂಗಳೂರಿಂದ ಬಂದವರಿಗೆ ಇದು ಅನ್ವಯ ಆಗುದಿಲ್ಲ, ಕೆಎ ಕೆಎಯೇ.

ಶೀಟ್ ಹೇಗಿರ್ಬೇಕು

ಒಂದು ಸಾಲಿಗೆ ಒಂದು ಕೊಟೇಶನ್. ಕಾಲಂಗಳು: ಕೇಳಿದ ದಿನ, ಗಾಡಿ ಹೊರಡುವ ದಿನ, ಎಲ್ಲಿಂದ, ಎಲ್ಲಿಗೆ, ಗಾಡಿ ಯಾವ ಊರಿನದ್ದು, ಮನೆ ಸಾಮಾನಾ ಸರಕಾ, ರೇಟ್, ಪಾರ್ಟ್ ಲೋಡಿಗೆ ಕಾಯುವ ದಿನ, ಷರಾ. ಹೇಳಿದವರ ಹೆಸರು, ಫೋನ್ ನಂಬರ್ ಶೀಟ್‌ನಲ್ಲಿ ಹಾಕ್ಬೇಡಿ, ನಾಳೆ ನೀವು ಯಾರಿಗಾದ್ರೂ ಶೀಟ್ ಕಳಿಸ್ತೀರಿ, ಅವರ ರೇಟ್ ಅವರ ಪಕ್ಕದ ಆಫೀಸಿಗೆ ಗೊತ್ತಾಗ್ಬಾರ್ದು.

ಷರಾ ಕಾಲಂ ಖಾಲಿ ಬಿಡ್ಬೇಡಿ. ಘಾಟಿ ಬಂದ್, ಆಟಿ, ದೀಪಾವಳಿ ವಾರ, ಲಾರಿ ಮುಷ್ಕರ, ಬಂದರಿಗೆ ದೊಡ್ಡ ಹಡಗು ಬಂದು ಲಾರಿ ಸಿಗ್ತಿಲ್ಲ, ಇಂಥದ್ದೆಲ್ಲ ಅದೇ ದಿನ ಬರೀರಿ, ಆರು ತಿಂಗಳು ಬಿಟ್ಟು ಒಂದು ವಿಚಿತ್ರ ಸಂಖ್ಯೆ ಕಂಡಾಗ ಯಾಕೆ ಹೀಗೆ ಅಂತ ನೆನಪಿರುದಿಲ್ಲ. ನನ್ನ ಶೀಟ್‌ನ ಮೊದಲ ಸಾಲಿನ ಷರಾದಲ್ಲಿ ಇರೋದು ಇಷ್ಟು: ಕಡಿಯಾಳಿ, ಕೆಎ 05, ಬೆಳಿಗ್ಗೆ 10:30ಕ್ಕೆ ಖಾಲಿ, ಸಂಜೆ 4ಕ್ಕೂ ಲೋಡ್ ಇಲ್ಲ, ಆರು ಗಂಟೆಗೆ ಖಾಲಿ ಹೊರಟ.